ಹಗ್ಗ ಎಳೆದರೆ ಯಾರು ಬರುತ್ತಾರೆ? ಫ್ರೀಮಾಂಟ್ ಕಾರು ಕಾರ್ಖಾನೆಯ ಪ್ರಕರಣ ಅಧ್ಯಯನ

ಕಾರ್ಖಾನೆಯಲ್ಲಿ ಮಾಡುವ ವಸ್ತುಗಳ ಕ್ವಾಲಿಟಿ, ಅಂದರೆ ಗುಣಮಟ್ಟದ, ವಿಷಯ ಬಂದಾಗ ಕೆಲವು ಹೆಸರುಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಶೂಹಾರ್ಟ್, ಡೆಮಿಂಗ್, ಜುರಾನ್, ಇಶಿಕಾವಾ, ಫೈಗನ್‌ಬಾಮ್, ಕ್ರಾಸ್ಬಿ, ಓನೊ. ಪರೀಕ್ಷೆಗೆ ಓದುವವರು ಒಬ್ಬೊಬ್ಬರಿಗೂ ಒಂದೊಂದು ಸಾಲು ಬಾಯಿಪಾಠ ಮಾಡಿಕೊಳ್ಳುತ್ತಾರೆ. ಡೆಮಿಂಗ್ ಅಂದರೆ ಆಡಳಿತಕ್ಕೆ ಹೇಳಿದ 14 ಅಂಶ. ಇಶಿಕಾವಾ ಅಂದರೆ ತೊಂದರೆಯ ಕಾರಣಗಳನ್ನು ಬರೆದು ನೋಡುವ ಮೀನಿನ ಮುಳ್ಳಿನ ಚಿತ್ರ. ಹಾಗೆ ಓದಿದರೆ ಇವರೆಲ್ಲ ಬೇರೆ ಬೇರೆ ಅಂಗಡಿ ಇಟ್ಟುಕೊಂಡು ಕೂತವರ ಹಾಗೆ ಕಾಣುತ್ತಾರೆ. ಇವರ ಮಾತು ಎಲ್ಲಿ ಕೂಡುತ್ತದೆ, ಎಲ್ಲಿ ಜಗಳಕ್ಕೆ ನಿಲ್ಲುತ್ತದೆ ಅಂತ ತಿಳಿಯಬೇಕಾದರೆ ಒಂದು ನಿಜವಾದ ಕಾರ್ಖಾನೆಯ ಒಳಗೆ ಹೋಗಿ ನೋಡಬೇಕು. ಅದಕ್ಕೆ ಫ್ರೀಮಾಂಟ್‌ಗಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ.

ಫ್ರೀಮಾಂಟ್ ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಜನರಲ್ ಮೋಟರ್ಸ್ ಅಲ್ಲಿ 1960ರ ದಶಕದ ಆರಂಭದಲ್ಲಿ ಒಂದು ದೊಡ್ಡ ಕಾರು ಕಾರ್ಖಾನೆ ತೆರೆಯಿತು. 1982ರಲ್ಲಿ ಅದಕ್ಕೆ ಬೀಗ ಹಾಕಿತು. 1984ರ ಡಿಸೆಂಬರ್‌ನಲ್ಲಿ ಅದೇ ಕಟ್ಟಡದಿಂದ ಮತ್ತೆ ಕಾರು ಹೊರಬರಲು ಶುರುವಾಯಿತು. ಕಟ್ಟಡ ಅದೇ. ಯುನೈಟೆಡ್ ಆಟೊ ವರ್ಕರ್ಸ್ ಅನ್ನುವ ಯೂನಿಯನ್ ಅದೇ. ಕೆಲಸಗಾರರಲ್ಲಿ ಸುಮಾರು ಶೇ. 85ರಷ್ಟು ಜನ ಹಳಬರೇ. ಬದಲಾದದ್ದು ಕೆಲಸ ನಡೆಸುವ ಕ್ರಮ ಮತ್ತು ಅದನ್ನು ನಡೆಸುವವರು. ಜನರಲ್ ಮೋಟರ್ಸ್ ಮತ್ತು ಟೊಯೋಟಾ ಸೇರಿ ಕಟ್ಟಿದ ಈ ಜಂಟಿ ಕಂಪನಿಯ ಹೆಸರು ನ್ಯೂಮಿ. ಆಡಳಿತ ಟೊಯೋಟಾದ್ದು.

ಎರಡು ವರ್ಷದೊಳಗೆ ಆ ಕಾರ್ಖಾನೆ ಜನರಲ್ ಮೋಟರ್ಸ್‌ನ ಯಾವ ಕಾರ್ಖಾನೆಗಿಂತಲೂ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಯಾಕೆ?

ಹಳೆಯ ಫ್ರೀಮಾಂಟ್

ಮುಚ್ಚುವ ಹೊತ್ತಿಗೆ ಫ್ರೀಮಾಂಟ್ ಕಾರ್ಖಾನೆಗೆ ತುಂಬಾ ಕೆಟ್ಟ ಹೆಸರಿತ್ತು. ದಿನಕ್ಕೆ ಐದು ಜನರಲ್ಲಿ ಒಬ್ಬರು ಕೆಲಸಕ್ಕೇ ಬರುತ್ತಿರಲಿಲ್ಲ. ಸೋಮವಾರ ಬಂದರೆ ಕಾರು ಜೋಡಿಸುವ ಲೈನ್ ಶುರು ಮಾಡಲು ಜನ ಸಾಲುತ್ತಿರಲಿಲ್ಲ. ಕುಡಿದು ಬರುವವರಿದ್ದರು. ಹೇಳದೆ ಕೇಳದೆ ಕೆಲಸ ನಿಲ್ಲಿಸಿ ಹೊರಗೆ ನಡೆಯುವುದೂ ಇತ್ತು. ಬೀಗ ಬಿದ್ದಾಗ ಕೆಲಸಗಾರರ ಸಾವಿರಾರು ದೂರುಗಳು ತೀರ್ಮಾನ ಕಾಣದೆ ಕಡತದಲ್ಲಿ ಕೂತಿದ್ದವು. ಹೊರಗಿನವರು ಕೊಟ್ಟ ತೀರ್ಪು ಒಂದೇ: ಇಲ್ಲಿನ ಜನವೇ ಸರಿ ಇಲ್ಲ.

ಆದರೆ ಲೈನ್ ಪಕ್ಕ ನಿಂತು ನೋಡಿದವರು ಇನ್ನೊಂದು ಸಂಗತಿ ಹೇಳುತ್ತಾರೆ. ಅಲ್ಲಿ ಒಂದೇ ಒಂದು ನಿಯಮ ಕಟ್ಟುನಿಟ್ಟಾಗಿತ್ತು. ಏನೇ ಆಗಲಿ, ಲೈನ್ ನಿಲ್ಲಬಾರದು. ತಪ್ಪು ಭಾಗ ಹಾಕಿದ್ದು ಗೊತ್ತಾದರೂ ಕಾರು ಮುಂದೆ ಹೋಗಲೇಬೇಕು. ಬೋಲ್ಟ್ ಬಿಗಿಯಾಗಲಿಲ್ಲವೇ? ಒಂದು ಗುರುತು ಹಾಕಿ ಬಿಡಿ, ಕೊನೆಯಲ್ಲಿ ಯಾರಾದರೂ ಸರಿ ಮಾಡುತ್ತಾರೆ. ಹಾಗೆ ಅರೆಬರೆಯಾಗಿ ಹೊರಬಂದ ಕಾರುಗಳು ಅಂಗಳದಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಅಲ್ಲಿ ಇನ್ನೊಂದು ಗುಂಪು ಅವನ್ನು ಬಿಚ್ಚಿ ಮತ್ತೆ ಜೋಡಿಸುತ್ತಿತ್ತು.

ಈ ಅಂಗಳವನ್ನು ನೋಡಿದರೆ ನನಗೆ ನೆನಪಾಗುವುದು ಆರ್ಮಂಡ್ ಫೈಗನ್‌ಬಾಮ್. ಪ್ರತಿ ಕಾರ್ಖಾನೆಯ ಒಳಗೂ ಕಣ್ಣಿಗೆ ಬೀಳದ ಇನ್ನೊಂದು ಕಾರ್ಖಾನೆ ಅಡಗಿರುತ್ತದೆ ಅಂತ ಅವರು ಹೇಳಿದರು. ಕೆಟ್ಟದ್ದನ್ನು ಹುಡುಕುವುದು, ತೇಪೆ ಹಚ್ಚುವುದು, ಮತ್ತೆ ಪರೀಕ್ಷಿಸುವುದು, ಇದೇ ಅದರ ಕೆಲಸ. ಅದಕ್ಕೂ ಸಂಬಳ ಹೋಗುತ್ತದೆ, ಜಾಗ ಬೇಕು, ಕರೆಂಟ್ ಬೇಕು. ಅದರ ಲೆಕ್ಕ ಮಾತ್ರ ಯಾವ ಪುಸ್ತಕದಲ್ಲೂ ಬೇರೆಯಾಗಿ ಬರುವುದಿಲ್ಲ. ಫಿಲಿಪ್ ಕ್ರಾಸ್ಬಿ 1979ರಲ್ಲಿ ಕ್ವಾಲಿಟಿಗೆ ಖರ್ಚೇ ಇಲ್ಲ ಅಂದಾಗ ಅವರ ವಾದದ ಬೇರು ಇಲ್ಲೇ ಇತ್ತು. ದುಡ್ಡು ಹೋಗುವುದು ಮೊದಲ ಸಲವೇ ಸರಿಯಾಗಿ ಮಾಡುವುದಕ್ಕಲ್ಲ. ಮಾಡದೆ ಬಿಟ್ಟದ್ದನ್ನು ಆಮೇಲೆ ಸರಿಪಡಿಸುವುದಕ್ಕೆ.

ಇಲ್ಲಿಯವರೆಗೆ ಇಬ್ಬರೂ ಸರಿ. ಆದರೆ ಆ ಅಂಗಳ ಯಾಕೆ ತುಂಬುತ್ತಿತ್ತು ಅನ್ನುವ ಪ್ರಶ್ನೆಗೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1924

ಒಂದೇ ವರ್ಷ, ಎರಡು ದೇಶ, ಎರಡು ಸಣ್ಣ ಘಟನೆ.

ಶಿಕಾಗೊ ಪಕ್ಕದ ಹಾಥಾರ್ನ್‌ನಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ದೊಡ್ಡ ಕಾರ್ಖಾನೆ. ಟೆಲಿಫೋನ್ ಉಪಕರಣ ಮಾಡುವ ಜಾಗ. ಆ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ 1924ರ ಮೇ 16ರಂದು ತಮ್ಮ ಮೇಲಧಿಕಾರಿಗೆ ಒಂದು ಪುಟದ ಟಿಪ್ಪಣಿ ಕಳಿಸಿದರು. ಅದರಲ್ಲಿ ಒಂದು ಚಿತ್ರ. ಅಳತೆಗಳನ್ನು ತೋರಿಸುವ ಚುಕ್ಕೆಗಳು ಏರುತ್ತ ಇಳಿಯುತ್ತ ಸಾಗುತ್ತವೆ. ಚುಕ್ಕೆಗಳಿಗೆ ಒಂದು ಮಿತಿಯ ಗೆರೆ. ಇವತ್ತು ನಾವು ಕಂಟ್ರೋಲ್ ಚಾರ್ಟ್ ಅನ್ನುವುದು ಇದನ್ನೇ. ವಿಚಾರ ಸರಳ. ಒಂದೇ ಯಂತ್ರ, ಒಂದೇ ಕೈ, ಒಂದೇ ಲೋಹ ಇದ್ದರೂ ಮಾಡಿದ ಎರಡು ವಸ್ತು ತದ್ವತ್ತಾಗಿ ಇರುವುದಿಲ್ಲ. ಚೂರುಪಾರು ಏರುಪೇರು ಇದ್ದೇ ಇರುತ್ತದೆ. ಅದು ಆ ಕೆಲಸದ ಕ್ರಮದಲ್ಲೇ ಹುಟ್ಟಿದ್ದು. ಆದರೆ ಒಮ್ಮೊಮ್ಮೆ ಹೊರಗಿನಿಂದ ಏನೋ ಒಂದು ಬಂದು ಸೇರುತ್ತದೆ. ಸವೆದ ಉಪಕರಣ, ಬೇರೆ ಲೋಹ, ಕೆಲಸ ಕಲಿಯದ ಹೊಸಬ. ಆಗ ಚುಕ್ಕೆ ಗೆರೆ ದಾಟುತ್ತದೆ. ಗೆರೆ ದಾಟಿದರೆ ನಿಲ್ಲಿಸಿ, ಕಾರಣ ಹುಡುಕಿ. ದಾಟದಿದ್ದರೆ ಸುಮ್ನೆ ಕೈ ಹಾಕಬೇಡಿ. ಹಾಕಿದರೆ ಏರುಪೇರು ಜಾಸ್ತಿಯಾಗುತ್ತದೆ.

ಅದೇ ವರ್ಷ ಜಪಾನಿನಲ್ಲಿ ಸಕಿಚಿ ಟೊಯೋಡಾ (ಮುಂದೆ ಟೊಯೋಟಾ ಕಾರು ಕಂಪನಿ ಕಟ್ಟಿದ್ದು ಇವರ ಮನೆತನವೇ) ಟೈಪ್ ಜಿ ಅನ್ನುವ ಮಗ್ಗವನ್ನು ಪೂರ್ತಿಗೊಳಿಸಿದರು. ಅದರ ವಿಶೇಷ ಏನೆಂದರೆ ಒಂದು ಎಳೆ ನೂಲು ತುಂಡಾದರೂ ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು. ಹಳೆಯ ಮಗ್ಗದಲ್ಲಿ ನೂಲು ತುಂಡಾದದ್ದು ಗೊತ್ತಾಗುವ ಹೊತ್ತಿಗೆ ಗಜಗಟ್ಟಲೆ ಬಟ್ಟೆ ಹಾಳಾಗಿರುತ್ತಿತ್ತು. ಯಾರಾದರೂ ಕಾವಲು ಕೂತು ನೋಡುತ್ತಲೇ ಇರಬೇಕಿತ್ತು. ಈಗ ಒಬ್ಬರೇ ಹಲವು ಮಗ್ಗ ನೋಡಿಕೊಳ್ಳಬಹುದು. ತೊಂದರೆ ಇದ್ದಲ್ಲಿಗೆ ಮಾತ್ರ ಹೋದರೆ ಸಾಕು.

ಒಂದು ಕಾಗದದ ಮೇಲಿನ ಗೆರೆ, ಇನ್ನೊಂದು ನೂಲಿಗೆ ತಗುಲಿಸಿದ ಲೋಹದ ತುಂಡು. ಎರಡರ ಕೆಲಸವೂ ಒಂದೇ ಅಲ್ವಾ? ಯಾವಾಗ ನಿಲ್ಲಬೇಕು ಅಂತ ಹೇಳುವುದು. ಈ ಎರಡು ದಾರಿ ಅರವತ್ತು ವರ್ಷ ಬೇರೆ ಬೇರೆಯಾಗಿ ನಡೆದು ಫ್ರೀಮಾಂಟ್‌ನಲ್ಲಿ ಒಂದಾದವು. ಪೂರ್ತಿ ಬೇರೆ ಅನ್ನಲೂ ಆಗದು. ಶೂಹಾರ್ಟ್ ಅವರಿಂದ ಕಲಿತ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೂ ಕಂಪನಿ ಮುಖ್ಯಸ್ಥರಿಗೂ ಪಾಠ ಮಾಡಿದರು. ಮರುವರ್ಷವೇ ಅಲ್ಲಿ ಅವರ ಹೆಸರಿನ ಪ್ರಶಸ್ತಿ ಶುರುವಾಯಿತು. 1965ರಲ್ಲಿ ಅದನ್ನು ಗೆದ್ದದ್ದು ಟೊಯೋಟಾ. ಹಾಥಾರ್ನ್‌ನಲ್ಲಿ 1924ರಲ್ಲೇ ಕೆಲಸಕ್ಕೆ ಸೇರಿದ್ದ ಇನ್ನೊಬ್ಬ ಹುಡುಗ ಜೋಸೆಫ್ ಜುರಾನ್. ಅವರು 1954ರಲ್ಲಿ ಜಪಾನಿಗೆ ಹೋಗಿ ಮ್ಯಾನೇಜರುಗಳಿಗೆ ಪಾಠ ಹೇಳಿದರು.

ಜುರಾನ್ ಕೇಳುವ ಮೂರು ಪ್ರಶ್ನೆ

ಹಳೆಯ ಫ್ರೀಮಾಂಟ್‌ನ ಕೆಲಸಗಾರನನ್ನು ಅರ್ಥ ಮಾಡಿಕೊಳ್ಳಲು ಜುರಾನ್ ಅವರ ಒಂದು ವಿಚಾರ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ತಪ್ಪಿಗೆ ಕೆಲಸಗಾರನನ್ನು ಹೊಣೆ ಮಾಡುವ ಮೊದಲು ಮೂರು ವಿಷಯ ನೋಡಿ ಅಂದರು ಅವರು. ತಾನು ಏನು ಮಾಡಬೇಕು ಅಂತ ಅವನಿಗೆ ಗೊತ್ತಿದೆಯೇ? ತಾನು ಈಗ ಮಾಡುತ್ತಿರುವುದು ಹೇಗಿದೆ ಅಂತ ಅವನಿಗೆ ತಿಳಿಯುತ್ತದೆಯೇ? ವ್ಯತ್ಯಾಸ ಕಂಡರೆ ಸರಿಪಡಿಸಲು ಅವನ ಕೈಯಲ್ಲಿ ಏನಾದರೂ ಇದೆಯೇ? ಮೂರಕ್ಕೂ ಹೌದು ಅಂತ ಬಂದರೆ ಮಾತ್ರ ಆ ತಪ್ಪು ಅವನದು. ಒಂದಕ್ಕೆ ಇಲ್ಲ ಅಂತ ಬಂದರೂ ಅದು ಆಡಳಿತದ್ದು.

ಇದನ್ನು ಫ್ರೀಮಾಂಟ್ ಲೈನಿಗೆ ಹಿಡಿದು ನೋಡಿ. ಒಬ್ಬ ಸೀಟಿನ ಬೋಲ್ಟ್ ಬಿಗಿಯುವ ಜಾಗದಲ್ಲಿ ನಿಂತಿದ್ದಾನೆ ಅಂದುಕೊಳ್ಳಿ. ದಿನಾ ಬರುವವನು ಇವತ್ತು ಬಂದಿಲ್ಲ, ಹಾಗಾಗಿ ಇವನನ್ನು ಇಲ್ಲಿ ನಿಲ್ಲಿಸಿದ್ದಾರೆ. ಕೆಲಸ ಹೇಗೆ ಅಂತ ಪಕ್ಕದವನು ಅರ್ಧ ನಿಮಿಷದಲ್ಲಿ ಹೇಳಿದ್ದಾನೆ. ಮೊದಲ ಪ್ರಶ್ನೆಗೆ ಅರ್ಧ ಉತ್ತರ. ಬೋಲ್ಟ್ ಸೊಟ್ಟಗೆ ಹಿಡಿದುಕೊಂಡಿತು, ಅದು ಅವನ ಕೈಗೆ ತಿಳಿಯಿತು. ಎರಡನೆಯದಕ್ಕೆ ಹೌದು. ಬಿಚ್ಚಿ ಮತ್ತೆ ಹಾಕೋಣ ಅಂದರೆ ಕಾರು ಮುಂದೆ ಹೋಗುತ್ತಿದೆ, ಹಿಂದಿನ ಕಾರು ಬರುತ್ತಿದೆ. ಲೈನ್ ನಿಲ್ಲಿಸುವ ಅಧಿಕಾರ ಅವನಿಗಿಲ್ಲ. ಮೂರನೆಯದಕ್ಕೆ ಇಲ್ಲ. ಅವನು ಸೊಟ್ಟ ಬೋಲ್ಟನ್ನು ಹಾಗೇ ಬಿಟ್ಟ. ದಿನಕ್ಕೆ ಹತ್ತು ಸಲ ಹೀಗಾದರೆ, ವರ್ಷಗಟ್ಟಲೆ ಹೀಗೇ ನಡೆದರೆ, ಯಾರಿಗೆ ತಾನೆ ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬೇಕು ಅನ್ನಿಸುತ್ತದೆ? ಸೋಮವಾರದ ಖಾಲಿ ಜಾಗಗಳಿಗೆ ಸೋಮಾರಿತನದ ಜೊತೆಗೆ ಇನ್ನೂ ಏನೋ ಕಾರಣ ಇತ್ತು.

ಡೆಮಿಂಗ್ ಇದನ್ನೇ ಒಂದು ಆಟದಲ್ಲಿ ತೋರಿಸುತ್ತಿದ್ದರು. ಒಂದು ಪೆಟ್ಟಿಗೆಯಲ್ಲಿ ಬಿಳಿ ಮಣಿ, ಕೆಂಪು ಮಣಿ ಬೆರೆಸಿರುತ್ತಾರೆ. ಐದರಲ್ಲಿ ಒಂದು ಕೆಂಪು. ಸಭಿಕರಲ್ಲಿ ಕೆಲವರು ಎದ್ದು ಬಂದು ಕೆಲಸಗಾರರಾಗುತ್ತಾರೆ. 50 ಗುಳಿ ಇರುವ ಹಲಗೆಯನ್ನು ಪೆಟ್ಟಿಗೆಯಲ್ಲಿ ಅದ್ದಿ ಮಣಿ ಎತ್ತಬೇಕು. ಬಿಳಿ ಮಾತ್ರ ಬೇಕು, ಕೆಂಪು ಬಂದರೆ ದೋಷ. ಡೆಮಿಂಗ್ ಮೇಲ್ವಿಚಾರಕನಾಗಿ ನಿಂತು ಕಡಿಮೆ ಕೆಂಪು ತಂದವನನ್ನು ಹೊಗಳುತ್ತಾರೆ, ಜಾಸ್ತಿ ತಂದವನನ್ನು ಬೈಯುತ್ತಾರೆ. ಹೊಗಳಿಸಿಕೊಂಡವನು ಮುಂದಿನ ಸಲ ಬೈಸಿಕೊಳ್ಳುತ್ತಾನೆ. ಯಾರು ಎಷ್ಟು ಕಷ್ಟಪಟ್ಟರೂ ಪೆಟ್ಟಿಗೆಯಲ್ಲಿರುವ ಕೆಂಪು ಕಡಿಮೆಯಾಗುವುದಿಲ್ಲ. ತಮ್ಮ ಅನುಭವದಲ್ಲಿ ತೊಂದರೆಗಳಲ್ಲಿ ಸುಮಾರು ಶೇ. 94 ವ್ಯವಸ್ಥೆಯದ್ದು ಅಂತ ಡೆಮಿಂಗ್ ಅಂದಾಜು ಕಟ್ಟಿದ್ದರು. ಆ ಸಂಖ್ಯೆಗೆ ಜೋತು ಬೀಳಬೇಕಿಲ್ಲ. ಆದರೆ ಫ್ರೀಮಾಂಟ್‌ನಲ್ಲಿ ಆ ಮಾತನ್ನು ಪರೀಕ್ಷೆಗೇ ಹಚ್ಚಿದಂತಾಯಿತು. ಮಣಿ ಎತ್ತುವ ಕೈಗಳನ್ನು ಹಾಗೇ ಉಳಿಸಿಕೊಂಡು ಪೆಟ್ಟಿಗೆಯನ್ನೇ ಬದಲಿಸಿದರು.

ಇದೇ ಕಾರಣಕ್ಕೆ ಡೆಮಿಂಗ್ ಮತ್ತು ಕ್ರಾಸ್ಬಿ ಒಂದು ಕಡೆ ಮುಖಾಮುಖಿಯಾಗುತ್ತಾರೆ. ಕ್ರಾಸ್ಬಿ ಅವರ ಜೀರೊ ಡಿಫೆಕ್ಟ್ಸ್, ಅಂದರೆ ಒಂದೂ ತಪ್ಪಿಲ್ಲದ ಕೆಲಸ, ಅನ್ನುವ ಮಾತು ಅನೇಕ ಕಡೆ ಗೋಡೆಯ ಪೋಸ್ಟರ್ ಆಯಿತು. ಇಂಥ ಘೋಷಣೆಗಳನ್ನು ಗೋಡೆಯಿಂದ ತೆಗೆಯಿರಿ ಅಂದರು ಡೆಮಿಂಗ್. ಕೆಂಪು ಮಣಿ ಹಾಕಿಟ್ಟು ಬಿಳಿ ಮಾತ್ರ ತನ್ನಿ ಅಂತ ಬರೆದರೆ ಕೆಲಸಗಾರನಿಗೆ ಅವಮಾನ. ನನ್ನ ಮನಸ್ಸು ಇಲ್ಲಿ ಡೆಮಿಂಗ್ ಕಡೆಗೇ ವಾಲುತ್ತದೆ. ಕ್ರಾಸ್ಬಿಗೆ ಅನ್ಯಾಯ ಮಾಡಬಾರದು. ಆ ಮಾತನ್ನು ಅವರು ಮೊದಲು ಆಡಳಿತಕ್ಕೇ ಹೇಳಿದ್ದು. ಪೋಸ್ಟರ್ ಹಚ್ಚುವುದು ಸುಲಭ ಅಂತ ಬೇರೆಯವರು ಅಷ್ಟನ್ನೇ ಎತ್ತಿಕೊಂಡರು.

ತಕಾವೊಕಾ

ಹಳೆಯ ಕೆಲಸಗಾರರನ್ನು ಮತ್ತೆ ತೆಗೆದುಕೊಳ್ಳಲು ಟೊಯೋಟಾ ಮೊದಲು ಹಿಂದೆಮುಂದೆ ನೋಡಿತು. ಯೂನಿಯನ್ ಪಟ್ಟು ಹಿಡಿಯಿತು. ಕೊನೆಗೆ ಒಪ್ಪಂದವಾಯಿತು. ಉತ್ಪಾದನೆಯಲ್ಲಿ ಹಿಂದೆ ಹತ್ತಾರು ಕೆಲಸದ ದರ್ಜೆಗಳಿದ್ದವು. ಅದು ನನ್ನ ಕೆಲಸವಲ್ಲ ಅನ್ನಲು ಅವು ಒಳ್ಳೆಯ ನೆಪವಾಗಿದ್ದವು. ಈಗ ಉತ್ಪಾದನೆಗೆಲ್ಲ ಒಂದೇ ದರ್ಜೆ. ಅದಕ್ಕೆ ಬದಲಾಗಿ ಕಂಪನಿ ಒಂದು ಮಾತು ಕೊಟ್ಟಿತು. ಕಷ್ಟ ಬಂದರೆ ಮೊದಲು ಮೇಲಿನವರ ಸಂಬಳ ಕಡಿಮೆ ಮಾಡುತ್ತೇವೆ, ಆಮೇಲೆ ಮಾತ್ರ ಕೆಲಸದಿಂದ ತೆಗೆಯುವ ವಿಚಾರ.

ನೂರಾರು ಜನ ತಂಡದ ಮುಖಂಡರನ್ನು ಜಪಾನಿನ ತಕಾವೊಕಾ ಕಾರ್ಖಾನೆಗೆ ಕಳಿಸಿದರು. ಅಲ್ಲಿನ ಲೈನಿನಲ್ಲೇ ಟೊಯೋಟಾದವರ ಪಕ್ಕ ನಿಂತು ಕೆಲವು ವಾರ ಕೆಲಸ ಮಾಡಿದರು. ಹೋದವರು ಆಮೇಲೆ ನೆನಪಿಸಿಕೊಂಡದ್ದು ಯಂತ್ರಗಳನ್ನಲ್ಲ. ಅಮೆರಿಕದ ಕೆಲಸಗಾರನೊಬ್ಬ ಕೆಲಸದಲ್ಲಿ ಹಿಂದೆ ಬಿದ್ದರೆ ಯಾರೋ ಬಂದು ಕೇಳುತ್ತಿದ್ದರು, ಏನಾದರೂ ಸಹಾಯ ಬೇಕೇ ಅಂತ. ಈ ಉಪಕರಣ ಹೀಗಿದ್ದರೆ ಚೆನ್ನಾಗಿತ್ತು ಅಂದರೆ ಅದನ್ನು ಹಾಗೇ ಮಾಡಿ ತಂದು ಕೈಗೆ ಕೊಟ್ಟು, ಈಗ ನೋಡಿ, ಸರಿಯಾಯಿತೇ ಅಂತ ಕೇಳುತ್ತಿದ್ದರು. ಹದಿನೈದು ಇಪ್ಪತ್ತು ವರ್ಷ ಕಾರು ಜೋಡಿಸಿದ ಈ ಜನರನ್ನು ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ತರಬೇತಿ ಮುಗಿಸಿ ಹೊರಡುವಾಗ ಕೆಲವರು ಅತ್ತರಂತೆ. ಇದನ್ನು ಓದಿದಾಗಲೆಲ್ಲ ನನಗೂ ಗಂಟಲು ಕಟ್ಟುತ್ತದೆ.

ಇಶಿಕಾವಾ ಕಾವೊರು ಹೇಳುತ್ತಿದ್ದ ಮಾತೊಂದಿದೆ. ಮುಂದಿನ ಹಂತದಲ್ಲಿ ಕೆಲಸ ಮಾಡುವವನೇ ನಿಮ್ಮ ಗಿರಾಕಿ. ಸೊಟ್ಟ ಬೋಲ್ಟ್ ಕೊನೆಯ ಇನ್ಸ್‌ಪೆಕ್ಷನ್‌ಗೋ ಕಾರು ಕೊಳ್ಳುವವರಿಗೋ ಹೋಗುವ ಮೊದಲು ಪಕ್ಕದವನ ಕೈಗೆ ಹೋಗುತ್ತದೆ. 1962ರಿಂದ ಜಪಾನಿನಲ್ಲಿ ಇಶಿಕಾವಾ ಬೆಳೆಸಿದ ಕ್ವಾಲಿಟಿ ಸರ್ಕಲ್‌ಗಳು, ಅಂದರೆ ತಮ್ಮ ಕೆಲಸದ ತೊಂದರೆ ಬಿಡಿಸಲು ಕೂಡುವ ಕೆಲಸಗಾರರ ಸಣ್ಣ ಗುಂಪುಗಳು, ಹುಟ್ಟಿದ್ದು ಇದೇ ನಂಬಿಕೆಯಿಂದ. ಕೆಲಸದ ಜಾಗದ ತೊಂದರೆ ಅಲ್ಲಿ ಕೆಲಸ ಮಾಡುವವರಿಗೇ ಚೆನ್ನಾಗಿ ಗೊತ್ತು. ಅವರಿಗೆ ಲೆಕ್ಕದ ಸರಳ ಸಾಧನ ಕಲಿಸಿಕೊಟ್ಟರೆ ಅವರೇ ಬಿಡಿಸುತ್ತಾರೆ.

ಹಗ್ಗ

ಹೊಸ ಫ್ರೀಮಾಂಟ್‌ನಲ್ಲಿ ಲೈನಿನ ಉದ್ದಕ್ಕೂ ತಲೆಯ ಮೇಲೆ ಒಂದು ಹಗ್ಗ ಹಾದುಹೋಗಿತ್ತು. ಆಂಡಾನ್ ಅಂತ ಅದರ ಹೆಸರು. ಯಾರು ಬೇಕಾದರೂ ಎಳೆಯಬಹುದು. ಮಗ್ಗದ ನೂಲಿನ ಬದಲು ಇಲ್ಲಿ ಮನುಷ್ಯನ ಕೈ.

ಅದು ಕೆಲಸ ಮಾಡುವ ರೀತಿ ಹೀಗೆ. ಬೋಲ್ಟ್ ಸೊಟ್ಟ ಹಿಡಿಯಿತು. ಕೆಲಸಗಾರ ಹಗ್ಗ ಎಳೆದ. ಒಂದು ಚಿಕ್ಕ ರಾಗ ಕೇಳಿಸುತ್ತದೆ, ಹಲಗೆಯಲ್ಲಿ ಆ ಜಾಗದ ನಂಬರಿನ ದೀಪ ಹತ್ತುತ್ತದೆ. ಲೈನ್ ತಕ್ಷಣ ನಿಲ್ಲುವುದಿಲ್ಲ. ಕಾರು ಆ ಕೆಲಸದ ಗಡಿ ಗೆರೆ ಮುಟ್ಟುವವರೆಗೆ ಹೋಗುತ್ತಲೇ ಇರುತ್ತದೆ. ಅಷ್ಟರಲ್ಲಿ ತಂಡದ ಮುಖಂಡ ಓಡಿ ಬರಬೇಕು. ನಾಲ್ಕೈದು ಜನಕ್ಕೊಬ್ಬ ಮುಖಂಡ, ಹಾಗಾಗಿ ದೂರದಿಂದ ಬರಬೇಕಿಲ್ಲ. ಇಬ್ಬರೂ ಸೇರಿ ಬೋಲ್ಟ್ ಬಿಚ್ಚಿ ಸರಿಯಾಗಿ ಹಾಕಿದರೆ ಮತ್ತೆ ಹಗ್ಗ ಎಳೆಯುತ್ತಾರೆ, ಲೈನ್ ನಿಲ್ಲುವುದೇ ಇಲ್ಲ. ಆಗದಿದ್ದರೆ ಕಾರು ಗೆರೆ ಮುಟ್ಟಿದಾಗ ಲೈನ್ ನಿಲ್ಲುತ್ತದೆ. ಎಲ್ಲರಿಗೂ ಗೊತ್ತಾಗುತ್ತದೆ. ಯಾರೂ ಬೈಯುವುದಿಲ್ಲ.

ಇಷ್ಟಕ್ಕೇ ಮುಗಿದರೆ ಅದು ರಿಪೇರಿ ಅಷ್ಟೇ. ಸೊಟ್ಟ ಬೋಲ್ಟ್ ಮತ್ತೆ ಯಾಕೆ ಬಂತು ಅನ್ನುವುದು ಆಮೇಲಿನ ಪ್ರಶ್ನೆ. ಟೊಯೋಟಾದ ತೈಚಿ ಓನೊ ಐದು ಸಲ ಯಾಕೆ ಅಂತ ಕೇಳಿ ಅನ್ನುತ್ತಿದ್ದರು. ಬೋಲ್ಟ್ ಯಾಕೆ ಸೊಟ್ಟವಾಯಿತು? ಕೈ ಒಳಗೆ ಹೋಗುವುದು ಕಷ್ಟ. ಯಾಕೆ ಕಷ್ಟ? ಅದಕ್ಕಿಂತ ಮೊದಲೇ ಪಕ್ಕದ ಭಾಗ ಕೂರಿಸಿಬಿಟ್ಟಿದ್ದಾರೆ. ಯಾಕೆ ಮೊದಲೇ? ಹೀಗೆ ಹೋದರೆ ಕೊನೆಗೆ ಸಿಗುವುದು ಕೆಲಸದ ಅನುಕ್ರಮವೋ, ವಿನ್ಯಾಸವೋ, ಬಿಡಿಭಾಗ ಕಳಿಸುವವರೋ. ಮೊದಲ ಯಾಕೆಗೇ ನಿಲ್ಲಿಸಿದರೆ ಗೂಬೆ ಕೂರುವುದು ಬೋಲ್ಟ್ ಹಿಡಿದವನ ತಲೆಯ ಮೇಲೇ.

ಇನ್ನೊಂದು ಬದಲಾವಣೆಯ ಬಗ್ಗೆ ಜನ ಕಡಿಮೆ ಮಾತಾಡುತ್ತಾರೆ. ನನ್ನ ಲೆಕ್ಕದಲ್ಲಿ ಅದು ಹಗ್ಗದಷ್ಟೇ ದೊಡ್ಡದು. ಹಳೆಯ ಫ್ರೀಮಾಂಟ್‌ನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಿದ್ದವರು ಎಂಜಿನಿಯರುಗಳು. ಯಾರು ಎಷ್ಟು ಸೆಕೆಂಡಿನಲ್ಲಿ ಏನು ಮಾಡಬೇಕು ಅಂತ ಅವರು ಬರೆದು ಕೊಡುತ್ತಿದ್ದರು. ಕೆಲಸಗಾರರು ಅವರನ್ನು ಕಂಡರೆ ಬೇಕಂತಲೇ ನಿಧಾನ ಮಾಡುತ್ತಿದ್ದರು. ನ್ಯೂಮಿಯಲ್ಲಿ ಸ್ಟಾಪ್‌ವಾಚ್ ಕೆಲಸಗಾರರ ಕೈಗೇ ಬಂತು. ತಂಡದವರು ಒಬ್ಬರ ಕೆಲಸವನ್ನು ಇನ್ನೊಬ್ಬರು ಅಳೆದರು, ಯಾವ ಕ್ರಮ ಸುರಕ್ಷಿತ, ಯಾವುದು ಸರಾಗ ಅಂತ ಚರ್ಚೆ ಮಾಡಿದರು, ಒಪ್ಪಿದ ಕ್ರಮವನ್ನು ಕಾಗದದಲ್ಲಿ ಬರೆದರು. ಎರಡೂ ಶಿಫ್ಟಿನವರು ಅದನ್ನೇ ಮಾಡಬೇಕು. ಯಾರಿಗಾದರೂ ಉತ್ತಮ ದಾರಿ ಹೊಳೆದರೆ ಕಾಗದ ಬದಲಾಗುತ್ತದೆ.

ಇಲ್ಲಿ ಶೂಹಾರ್ಟ್ ಮತ್ತೆ ಬರುತ್ತಾರೆ. ದಿನಕ್ಕೊಬ್ಬ ಹೊಸಬ, ಒಬ್ಬೊಬ್ಬನದೂ ಒಂದೊಂದು ರೀತಿ ಇರುವ ಲೈನಿನಲ್ಲಿ ಎಲ್ಲ ಚುಕ್ಕೆಗಳೂ ಚೆಲ್ಲಾಪಿಲ್ಲಿ. ತಪ್ಪು ಎಲ್ಲಿಂದ ಬಂತು ಅಂತ ಪತ್ತೆ ಹಚ್ಚಲು ದಾರಿಯೇ ಇಲ್ಲ. ಎಲ್ಲರೂ ಒಂದೇ ರೀತಿ ಮಾಡಿದಾಗ ಮಾಮೂಲಿ ಏರುಪೇರು ಕುಗ್ಗುತ್ತದೆ. ಆಗ ಹೊರಗಿನಿಂದ ಬಂದ ತೊಂದರೆ ಎದ್ದು ಕಾಣುತ್ತದೆ. ಬರೆದಿಟ್ಟ ಕ್ರಮ ಇಲ್ಲದೆ ಹಗ್ಗ ಎಳೆದರೆ ಏನೂ ಕಲಿಯಲಾಗುವುದಿಲ್ಲ.

ಏನಾಯಿತು

ಅಮೆರಿಕದ ಎಂ.ಐ.ಟಿ. ವಿಶ್ವವಿದ್ಯಾಲಯದ ಸಂಶೋಧಕರು 1980ರ ದಶಕದ ಮಧ್ಯಭಾಗದಲ್ಲಿ ಮೂರು ಕಾರ್ಖಾನೆಗಳನ್ನು ಹೋಲಿಸಿ ನೋಡಿದರು. ಮೊದಲನೆಯದು ಮ್ಯಾಸಚೂಸೆಟ್ಸ್‌ನ ಫ್ರಾಮಿಂಗ್‌ಹ್ಯಾಮ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ. ಅಲ್ಲಿ ಒಂದು ಕಾರು ಜೋಡಿಸಲು 31 ಗಂಟೆಯ ಕೆಲಸ ಹಿಡಿಯುತ್ತಿತ್ತು, ನೂರು ಕಾರಿಗೆ ಸುಮಾರು 130 ದೋಷ. ತಕಾವೊಕಾದಲ್ಲಿ 16 ಗಂಟೆ, 45 ದೋಷ. ನ್ಯೂಮಿಯಲ್ಲಿ 19 ಗಂಟೆ, ದೋಷ ತಕಾವೊಕಾದಷ್ಟೇ, 45. ಗೈರುಹಾಜರಿ ಶೇ. 20ರಿಂದ ಕೆಲವೇ ಪ್ರತಿಶತಕ್ಕೆ ಇಳಿಯಿತು. 1991ರ ಒಂದೇ ವರ್ಷದಲ್ಲಿ ಕೆಲಸಗಾರರು 10,000ಕ್ಕೂ ಹೆಚ್ಚು ಸಲಹೆ ಕೊಟ್ಟರು. ಅದರಲ್ಲಿ ಶೇ. 80ಕ್ಕೂ ಹೆಚ್ಚು ಜಾರಿಗೆ ಬಂದವು.

ಗಮನಿಸಿ, ನ್ಯೂಮಿ ಕಟ್ಟಡ ಹಳೆಯದು. ರೋಬಾಟ್ ತುಂಬಿ ಈ ಫಲ ಪಡೆದದ್ದಲ್ಲ. ಅದೇ ವರ್ಷಗಳಲ್ಲಿ ಜನರಲ್ ಮೋಟರ್ಸ್ ತನ್ನ ಬೇರೆ ಕಾರ್ಖಾನೆಗಳಲ್ಲಿ ರೋಬಾಟ್‌ಗೆ ಕೋಟ್ಯಂತರ ಡಾಲರ್ ಸುರಿಯುತ್ತಿತ್ತು.

ಭರವಸೆಗೆ ನಿಜವಾದ ಪರೀಕ್ಷೆ ಬಂದದ್ದು 1987-88ರಲ್ಲಿ. ಅಲ್ಲಿ ತಯಾರಾಗುತ್ತಿದ್ದ ಷೆವ್ರೊಲೆ ನೋವಾ ಸರಿಯಾಗಿ ಮಾರಾಟವಾಗಲಿಲ್ಲ. ಕಾರ್ಖಾನೆ ಸಾಮರ್ಥ್ಯಕ್ಕಿಂತ ಎಷ್ಟೋ ಕಡಿಮೆ ಕೆಲಸ ಮಾಡುತ್ತಿತ್ತು. ಯಾರನ್ನೂ ಮನೆಗೆ ಕಳಿಸಲಿಲ್ಲ. ಲೈನಿನಲ್ಲಿ ಬೇಡವಾದವರನ್ನು ತರಬೇತಿಗೆ ಕೂರಿಸಿದರು, ಸುಧಾರಣೆಯ ಕೆಲಸಕ್ಕೆ ಹಚ್ಚಿದರು. ಭಯವನ್ನು ಓಡಿಸಿ ಅನ್ನುವುದು ಡೆಮಿಂಗ್ ಅವರ 14 ಅಂಶಗಳಲ್ಲಿ ಒಂದು. ಓದುವಾಗ ಅದು ಉಪದೇಶದ ಹಾಗೆ ಕೇಳಿಸುತ್ತದೆ. ಫ್ರೀಮಾಂಟ್‌ನಲ್ಲಿ ಅದಕ್ಕೆ ಲೆಕ್ಕವಿತ್ತು. ಹತ್ತು ಸೆಕೆಂಡ್ ಕೆಲಸ ಉಳಿಸುವ ಸಲಹೆ ಕೊಟ್ಟರೆ ನನ್ನ ಪಕ್ಕದವನ ಕೆಲಸ ಹೋಗುತ್ತದೆ ಅಂತ ಹೆದರುವವನು ಸಲಹೆ ಕೊಡುವುದಿಲ್ಲ. ಆ ಎರಡು ವರ್ಷ ಕಂಪನಿ ಮಾತು ಉಳಿಸಿಕೊಂಡದ್ದಕ್ಕೂ 1991ರ ಹತ್ತು ಸಾವಿರ ಸಲಹೆಗಳಿಗೂ ಸಂಬಂಧ ಇದೆ ಅಂತ ನಾನು ನಂಬುತ್ತೇನೆ.

ನಕಲು ಯಾಕೆ ಆಗಲಿಲ್ಲ

ಜನರಲ್ ಮೋಟರ್ಸ್ ಈ ಕಾರ್ಖಾನೆಯ ಪಾಲುದಾರ. ಯಾವ ಬಾಗಿಲೂ ಅದಕ್ಕೆ ಮುಚ್ಚಿರಲಿಲ್ಲ. ಅದರ ಮ್ಯಾನೇಜರುಗಳು ಬಂದು ನೋಡಿದರು, ಕೆಲವರು ಅಲ್ಲೇ ಇದ್ದು ಕಲಿತರು. ನ್ಯೂಮಿಯ ಇಂಚಿಂಚನ್ನೂ ಫೋಟೋ ತೆಗೆದು ಹಾಗೇ ನಮ್ಮಲ್ಲೂ ಮಾಡಿ ಅಂತ ಮೇಲಿನವರೊಬ್ಬರು ಹೇಳಿದ್ದನ್ನು ಅಲ್ಲಿದ್ದವರು ನೆನಪಿಸಿಕೊಂಡಿದ್ದಾರೆ. ಫೋಟೋದಲ್ಲಿ ಹಗ್ಗ ಕಾಣುತ್ತದೆ. ಓಡಿ ಬರುವ ಮುಖಂಡ ಯಾಕೆ ಓಡಿ ಬರುತ್ತಾನೆ ಅನ್ನುವುದು ಕಾಣುವುದಿಲ್ಲ.

ಲಾಸ್ ಏಂಜಲಿಸ್ ಬಳಿಯ ವ್ಯಾನ್ ನೈಸ್ ಕಾರ್ಖಾನೆಯಲ್ಲಿ ಇದೇ ಪದ್ಧತಿ ತರಲು ಹೊರಟರು. ಒಪ್ಪದಿದ್ದರೆ ಕಾರ್ಖಾನೆ ಮುಚ್ಚುತ್ತೇವೆ ಅನ್ನುವ ನೆರಳು ಮೊದಲ ದಿನದಿಂದಲೂ ಇತ್ತು. ಫ್ರೀಮಾಂಟ್‌ನವರು ಎರಡು ವರ್ಷ ಕೆಲಸ ಕಳೆದುಕೊಂಡು ಕೂತಿದ್ದವರು. ವ್ಯಾನ್ ನೈಸ್‌ನವರಿಗೆ ಇದು ಇನ್ನೊಂದು ಬೆದರಿಕೆಯಾಗಿಯೇ ಕಂಡಿತು. ಮೇಲ್ವಿಚಾರಕರಿಗೂ ಇಷ್ಟವಿರಲಿಲ್ಲ, ಯಾಕೆಂದರೆ ಅವರ ಬೋನಸ್ ಎಷ್ಟು ಕಾರು ಹೊರಬಂತು ಅನ್ನುವುದರ ಮೇಲೆ ನಿಂತಿತ್ತು. ಎಲ್ಲಕ್ಕಿಂತ ದೊಡ್ಡ ತೊಡಕು ಗೋಡೆಯ ಆಚೆಗಿತ್ತು. ಬಿಡಿಭಾಗ ಸರಿಯಾಗಿ ಕೂರದಿದ್ದರೆ ನ್ಯೂಮಿಯಲ್ಲಿ ಅದನ್ನು ಕಳಿಸಿದವರ ತನಕ ಸುದ್ದಿ ಹೋಗಿ ಭಾಗವೇ ಬದಲಾಗುತ್ತಿತ್ತು. ವ್ಯಾನ್ ನೈಸ್‌ನಿಂದ ಫೋನ್ ಮಾಡಿದರೆ ವಿನ್ಯಾಸ ವಿಭಾಗದವರು ಕೇಳುತ್ತಿರಲಿಲ್ಲ. ಐದು ಯಾಕೆಗಳಲ್ಲಿ ಮೂರನೆಯದಕ್ಕೇ ದಾರಿ ಮುಚ್ಚಿಹೋಗುತ್ತಿತ್ತು. 1992ರಲ್ಲಿ ವ್ಯಾನ್ ನೈಸ್ ಮುಚ್ಚಿತು. ಆಮೇಲೆ ಜನರಲ್ ಮೋಟರ್ಸ್ ನಿಧಾನವಾಗಿ ಕಲಿಯಿತು, ಅದನ್ನು ಅಲ್ಲಗಳೆಯಲಾಗದು. ಆದರೆ 2009ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು. ಅದು ಪಾಲುದಾರಿಕೆಯಿಂದ ಹೊರಬಂದ ಮೇಲೆ ಟೊಯೋಟಾ ಕೂಡ ಉಳಿಯಲಿಲ್ಲ. 2010ರ ಏಪ್ರಿಲ್ 1ರಂದು ನ್ಯೂಮಿಯ ಕೊನೆಯ ಕಾರು ಹೊರಬಂತು. ಆ ಕಟ್ಟಡ ಈಗ ಟೆಸ್ಲಾ ಕಂಪನಿಯದ್ದು.

ಕ್ವಾಲಿಟಿ ಗುರುಗಳ ಪಟ್ಟಿ ಮಾಡುವಾಗ ನಾವು ಸಾಧನಗಳನ್ನೇ ಎಣಿಸುತ್ತೇವೆ. ಚಾರ್ಟ್, ಚಿತ್ರ, ಸರ್ಕಲ್, ಹಗ್ಗ. ಈ ಪ್ರಕರಣವನ್ನು ಮತ್ತೆ ಮತ್ತೆ ಓದಿದ ಮೇಲೆ ನಾನು ಬೇರೊಂದನ್ನು ಎಣಿಸಲು ಕಲಿತಿದ್ದೇನೆ. ಕೆಲಸಗಾರ ಇಲ್ಲಿ ತೊಂದರೆ ಇದೆ ಅಂದಾಗ ಎಷ್ಟು ಹೊತ್ತಿನಲ್ಲಿ ಯಾರು ಬರುತ್ತಾರೆ, ಬಂದು ಮೊದಲು ಏನು ಕೇಳುತ್ತಾರೆ, ಆ ಸುದ್ದಿ ಎಲ್ಲಿಯವರೆಗೆ ಹೋಗುತ್ತದೆ. ಶೂಹಾರ್ಟ್ ಅವರ ಗೆರೆ ದಾಟಿದ ಚುಕ್ಕೆಯೂ ಒಂದು ಕರೆಯೇ. ಕರೆಗೆ ಯಾರೂ ಓಗೊಡದಿದ್ದರೆ ಚಾರ್ಟ್ ಗೋಡೆಯ ಅಲಂಕಾರ.

ನ್ಯೂಮಿಯಲ್ಲೇ ಹಗ್ಗ ಸೋತಾಗ

ನ್ಯೂಮಿಯನ್ನು ಸ್ವರ್ಗ ಮಾಡಿ ತೋರಿಸುವುದು ನನಗೆ ಇಷ್ಟವಿಲ್ಲ. ಕೆಲಸದ ಪ್ರತಿ ಸೆಕೆಂಡನ್ನೂ ತುಂಬಿಸುವ ಲೈನ್ ಮೈಯನ್ನು ಹಿಂಡುತ್ತದೆ. ಉಸಿರಾಡಲು ಬಿಡುವಿಲ್ಲ ಅಂತ ದೂರಿದ ಕೆಲಸಗಾರರಿದ್ದರು, ಅದನ್ನು ಎತ್ತಿ ಹೇಳಿದ ಯೂನಿಯನ್ ಬಣವೂ ಇತ್ತು.

1993ರ ಮಾಡೆಲ್ ಬಂದಾಗ ಅದು ಬಯಲಿಗೆ ಬಂತು. ಹೊಸ ಕಾರು, ಹೊಸ ಭಾಗ, ಹೊಸ ಕ್ರಮ. ಕೈ, ಭುಜ, ಬೆನ್ನಿನ ನೋವು ಹೆಚ್ಚಾಯಿತು. ಬೋಲ್ಟ್ ಸೊಟ್ಟವಾದರೆ ಹಗ್ಗ ಎಳೆಯಬಹುದು. ಮಣಿಕಟ್ಟು ದಿನದಿನಕ್ಕೆ ಊದುತ್ತ ಬಂದರೆ ಯಾವ ಕ್ಷಣದಲ್ಲಿ ಎಳೆಯಬೇಕು? ನೋವು ಗೆರೆ ದಾಟುವ ಚುಕ್ಕೆಯ ಹಾಗೆ ಬರುವುದಿಲ್ಲ. ಮೆಲ್ಲಗೆ ಏರುತ್ತದೆ. ದೋಷಕ್ಕೆ ಓಡಿ ಬರಲು ಕಲಿತ ವ್ಯವಸ್ಥೆಗೆ ಅದು ಕಣ್ಣಿಗೇ ಬೀಳಲಿಲ್ಲ. ಕೊನೆಗೆ ಕ್ಯಾಲಿಫೋರ್ನಿಯಾದ ಕಾರ್ಮಿಕ ಸುರಕ್ಷತಾ ಇಲಾಖೆ ನ್ಯೂಮಿಗೆ ನೋಟಿಸ್ ಕೊಟ್ಟಿತು. ಹೊಸ ಮಾಡೆಲ್ ತರುವಾಗ ಕೆಲಸಗಾರರ ದೇಹದ ಮೇಲೆ ಬೀಳುವ ಭಾರದ ಕಡೆ ಸಾಕಷ್ಟು ಗಮನ ಕೊಟ್ಟಿಲ್ಲ ಅನ್ನುವುದು ಆರೋಪ.

ಇಲ್ಲಿ ಹಗ್ಗ ಎಳೆದವರು ಹೊರಗಿನವರು, ಅಂದರೆ ಯೂನಿಯನ್ ಮತ್ತು ಸರ್ಕಾರ. ಆದರೆ ಎಳೆದ ಮೇಲೆ ಉತ್ತರ ಬಂತು. ಕಂಪನಿ ಮತ್ತು ಯೂನಿಯನ್ ಕೂತು ಎಲ್ಲಿ ತಪ್ಪಿತು ಅಂತ ನೋಡಿದವು. ಎರಡು ವರ್ಷದ ನಂತರ ಮುಂದಿನ ಹೊಸ ಮಾಡೆಲ್ ಬರುವಾಗ ಲೈನ್ ಶುರುವಾಗುವ ಮೊದಲೇ ಮೈಗೆ ಬೀಳುವ ಭಾರವನ್ನು ಲೆಕ್ಕಕ್ಕೆ ತೆಗೆದುಕೊಂಡರು. ಆ ಸಲ ಕೆಲಸ ಹಿಂದಿನದಕ್ಕಿಂತ ಎಷ್ಟೋ ಹಗುರಾಗಿ ಶುರುವಾಯಿತು.